ಫ್ರಾನ್ಸಿನ ಹಳ್ಳಿಯಲ್ಲಿ ಕೌದಿ ಕೆಲಸ, ಮಕ್ಕಳು, ಸಂಸಾರ: ಕೇಳಿದವರಿಗೆಲ್ಲ ಇಲ್ಲೇ ಉತ್ತರ

ಕೌದಿಮನೆ

ಎಲ್ಲರಿಗೂ ನಮಸ್ಕಾರ. ತುಲೂಸ್ ನಗರ ಬಿಟ್ಟು ಹಳ್ಳಿಗೆ ಬಂದಮೇಲೆ ಹೇಗಿದ್ದೀರಿ, ಹೊಲಿಗೆಯಿಂದ ಹೊಟ್ಟೆ ತುಂಬುತ್ತಾ, ಮಕ್ಕಳು ಹೊಂದಿಕೊಂಡರಾ ಅಂತ ತುಂಬಾ ಜನ ಕೇಳಿದ್ದೀರಿ. ಒಬ್ಬೊಬ್ಬರಿಗೆ ಅರ್ಧರ್ಧ ಉತ್ತರ ಕೊಡುವ ಬದಲು ಇಲ್ಲೇ ಬರೆಯುತ್ತೇನೆ.

ನಾವಿರುವುದು ಕ್ರೂಜ್ ಜಿಲ್ಲೆಯಲ್ಲಿ. ಫ್ರಾನ್ಸಿನ ನಟ್ಟನಡುವೆ, ಒಬುಸೋ ಪಟ್ಟಣದ ಹತ್ತಿರ. ಇಡೀ ಜಿಲ್ಲೆಯ ಜನಸಂಖ್ಯೆ 1 ಲಕ್ಷ 15 ಸಾವಿರದ ಆಸುಪಾಸು. ನಮ್ಮ ಗದಗ-ಬೆಟಗೇರಿಯಲ್ಲೇ ಅದಕ್ಕಿಂತ ಜಾಸ್ತಿ ಜನ ಇದ್ದಾರೆ. ಗ್ರಾನೈಟ್ ಕಲ್ಲಿನ ಮನೆಗಳು, ಹುಲ್ಲುಗಾವಲು, ಕೆಂಚು ಬಣ್ಣದ ಲಿಮೂಜೀನ್ ದನಗಳು. ಮನೆಗಳ ಬೆಲೆ ದೊಡ್ಡ ಊರುಗಳಿಗೆ ಹೋಲಿಸಿದರೆ ತೀರಾ ಕಡಿಮೆ. ಪತಿಗೆ ಮನೆಯಿಂದಲೇ ಆಫೀಸ್ ಕೆಲಸ ಮಾಡಲು ಅನುಮತಿ ಸಿಕ್ಕಿತು. ಇಲ್ಲಿ ಫೈಬರ್ ಇಂಟರ್ನೆಟ್ ಕೂಡ ಇತ್ತು. ಅದಕ್ಕೇ ಬಂದೆವು.

ಆದರೆ ನನ್ನನ್ನು ಎಳೆದದ್ದು ಒಬುಸೋ. ಇಲ್ಲಿ ಐದಾರು ಶತಮಾನಗಳಿಂದ ಗೋಡೆಗೆ ಹಾಕುವ ಚಿತ್ರಗಂಬಳಿ ನೇಯುತ್ತಿದ್ದಾರೆ. 1665ರಲ್ಲಿ ಹದಿನಾಲ್ಕನೇ ಲೂಯಿಯ ಕಾಲದಲ್ಲಿ ಈ ಊರಿನ ಮಗ್ಗಗಳಿಗೆ ರಾಜಮನ್ನಣೆ ಸಿಕ್ಕಿತು. ಆಮೇಲೆ ಏಳುಬೀಳು ಎಲ್ಲ ಕಂಡಿದೆ. 1939ರಲ್ಲಿ ಜಾನ್ ಲ್ಯೂರ್ಸಾ ಎಂಬ ಕಲಾವಿದ ಇಲ್ಲಿಗೆ ಬಂದು ಈ ಕಸುಬಿಗೆ ಹೊಸ ಜೀವ ಕೊಟ್ಟರು. 2009ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. 2016ರಲ್ಲಿ ಊರಿನಲ್ಲಿ ದೊಡ್ಡ ಚಿತ್ರಗಂಬಳಿ ಕೇಂದ್ರ ತೆರೆಯಿತು. ಅಲ್ಲಿ ಹಳೆಯ ಕೆಲಸ ನೋಡಬಹುದು, ಹೊಸದನ್ನು ನೇಯುವುದನ್ನೂ ನೋಡಬಹುದು.

ಇಲ್ಲಿನ ಮಗ್ಗ ಅಡ್ಡಕ್ಕೆ ಮಲಗಿರುತ್ತದೆ. ಹಾಸಿನ ದಾರಗಳ ಕೆಳಗೆ ಚಿತ್ರದ ನಕ್ಷೆ ಇಟ್ಟು, ಬಗ್ಗಿ ನೋಡುತ್ತ ನೇಯುತ್ತಾರೆ. ಕಣ್ಣಿಗೆ ಕಾಣುವುದು ಹಿಂಬದಿ. ಪೂರ್ತಿ ಮುಗಿದು ಮಗ್ಗದಿಂದ ಕತ್ತರಿಸಿ ಇಳಿಸಿದ ದಿನವೇ ಮುಂಬದಿಯ ಚಿತ್ರ ಇಡಿಯಾಗಿ ಕಾಣುವುದು. ಒಬ್ಬರು ಒಂದು ಚದರ ಮೀಟರ್ ನೇಯಲು ಸುಮಾರು ಒಂದು ತಿಂಗಳು ಬೇಕು. ಮೀಟರಿಗೆ ಒಂದು ತಿಂಗಳು ಅನ್ನುವ ಈ ಲೆಕ್ಕ ಊರಿನಲ್ಲಿ ಎಲ್ಲರಿಗೂ ಗೊತ್ತು. ಬೇಕರಿಯವರಿಗೂ ಗೊತ್ತು.

ನಾನು ನೇಯುವವಳಲ್ಲ. ಧಾರವಾಡದ ಕಡೆಯವಳು, ಕೌದಿ ಹೊಲಿಯುತ್ತೇನೆ. ಅಜ್ಜಿಯಿಂದ ಅಮ್ಮ, ಅಮ್ಮನಿಂದ ನಾನು ಕಲಿತದ್ದು. ಇಲ್ಲಿ ನನಗೆ ಸಿಕ್ಕ ಬಟ್ಟೆಯೇ ಬೇರೆ. ಹಿಂದೆ ಇಲ್ಲಿನ ಹೆಣ್ಣುಮಕ್ಕಳು ಮದುವೆಗೆ ಅಂತ ಹಾಸಿಗೆ ಬಟ್ಟೆಗಳನ್ನು ಕೂಡಿಡುತ್ತಿದ್ದರು. ನಾರಗಸೆಯ ಲಿನನ್, ಸೆಣಬು, ಇಲ್ಲವೇ ಲಿನನ್-ಹತ್ತಿ ಸೇರಿಸಿ ನೇಯ್ದ ಮೆತಿಸ್. ಅಂಚಿನಲ್ಲಿ ಕೆಂಪು ದಾರದಲ್ಲಿ ಹೆಸರಿನ ಮೊದಲಕ್ಷರ ಕಸೂತಿ ಮಾಡುತ್ತಿದ್ದರು. ಈಗ ಎಲ್ಲರೂ ರಜಾಯಿ ಬಳಸುವುದರಿಂದ ಆ ದಪ್ಪ ಬಟ್ಟೆಗಳೆಲ್ಲ ಕಪಾಟಿನಲ್ಲೇ ಉಳಿದಿವೆ. ಅಟ್ಟ ಖಾಲಿ ಮಾಡುವ ಸಂತೆಗಳು ಬೇಸಿಗೆಯಲ್ಲಿ ಊರೂರಲ್ಲಿ ನಡೆಯುತ್ತವೆ. ಹಳೆ ಸಾಮಾನು ಮಾರುವ ಎಮ್ಮಾವುಸ್ ಅಂಗಡಿಗಳಲ್ಲೂ ಈ ಬಟ್ಟೆಗಳು ಸಿಗುತ್ತವೆ. ಅವನ್ನು ತಂದು ಕುದಿಸಿ ಒಗೆದು ಮೆದು ಮಾಡಿಕೊಂಡು, ನಮ್ಮ ಹಳೆಯ ಇಳಕಲ್ ಸೀರೆಯ ತುಂಡುಗಳ ಜೊತೆ ಸೇರಿಸಿ ಹೊಲಿಯುತ್ತೇನೆ. ಕೆಂಪು ಅಕ್ಷರ ಇರುವ ತುಂಡನ್ನು ಎಂದೂ ಒಳಗೆ ಮುಚ್ಚುವುದಿಲ್ಲ. ಯಾರೋ ಒಬ್ಬ ಹುಡುಗಿ ಕೂತು ಹಾಕಿದ ಹೊಲಿಗೆ ಅದು. ಮೇಲೆಯೇ ಕಾಣಬೇಕು.

ಸಂತೆಯಲ್ಲಿ ಒಬ್ಬ ಹಿರಿಯರು ನನ್ನ ಕೌದಿಯನ್ನು ತಿರುಗಿಸಿ ಹಿಂಬದಿ ನೋಡಿದರು. "ಎಷ್ಟು ಗಂಟೆ ಹಿಡಿಯಿತು?" ಅಂತ ಕೇಳಿದರು. ಬೆಲೆ ಕೇಳಿದ್ದು ಅದಾದ ಮೇಲೆ. ನಾನು ಹೇಳಬೇಕೆಂದಿರುವುದೆಲ್ಲ ಈ ಪ್ರಶ್ನೆಯಲ್ಲೇ ಇದೆ. ನಮ್ಮಲ್ಲಿ ಕೌದಿಯನ್ನು ಬಿಡುವಿನ ಕೆಲಸ ಅಂತಾರೆ. ಅಡುಗೆ, ದನ, ಮಕ್ಕಳು ಎಲ್ಲ ಮುಗಿಸಿ ಹೊಲಿದ ಹೆಂಗಸಿಗೆ ಬಿಡುವು ಎಲ್ಲಿತ್ತು? ಗಂಟೆ ಎಣಿಸಿದರೆ ಮಾತ್ರ ಅದು ಕೆಲಸ ಅಂತ ಕಾಣುತ್ತದೆ.

ಬಿಳಿಜೋಳ

ಅಕ್ಕಾ, ಓದಿ ಖುಷಿಯಾಯಿತು. ಬೆಂಗಳೂರಿನಿಂದ ಕೇಳುತ್ತಿದ್ದೇನೆ. ನಾನು ಮಡಕೆ ಮಾಡುತ್ತೇನೆ, ಹೆಂಡತಿಗೆ ಫ್ರಾನ್ಸಿನಲ್ಲಿ ಕೆಲಸ ಸಿಗುವ ಹಾಗಿದೆ. ನೇರವಾಗಿ ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಕೌದಿಯಿಂದ ಮನೆ ನಡೆಯುತ್ತಾ? ಜೊತೆಗೆ ಬಂದವರು ದುಡಿಯಬಹುದಾ? ನಮ್ಮ ಮಗಳಿಗೆ ಐದು ವರ್ಷ, ನಾವು ಮಾಂಸ ತಿನ್ನುವುದಿಲ್ಲ. ಹಳ್ಳಿ ಶಾಲೆಯಲ್ಲಿ ಏನು ಮಾಡುತ್ತೀರಿ?

ಕೌದಿಮನೆ

ಬೇಜಾರು ಯಾಕೆ. ನಮ್ಮ ಮನೆ ನಡೆಯುವುದು ಪತಿಯ ಸಂಬಳದಿಂದ. ನನ್ನ ಗಳಿಕೆ ಅದಕ್ಕೆ ಸೇರುತ್ತದೆ, ಅದರ ಜಾಗದಲ್ಲಿ ನಿಲ್ಲುವುದಿಲ್ಲ. ದೊಡ್ಡ ಕೌದಿಗಳು ವರ್ಷಕ್ಕೆ ಕೆಲವೇ ಹೋಗುತ್ತವೆ. ಹೆಚ್ಚಿನವು ಮೊದಲೇ ಹೇಳಿ ಮಾಡಿಸಿಕೊಳ್ಳುವಂಥವು. ಶನಿವಾರ ಹೊಲಿಗೆ ಕಲಿಸುತ್ತೇನೆ, ಅದರಿಂದ ಸ್ಥಿರವಾಗಿ ಬರುತ್ತದೆ. ಸಂಗಾತಿ ಯಾವ ವೀಸಾದಲ್ಲಿ ಬರುತ್ತಾರೆ ಅನ್ನುವುದು ಮುಖ್ಯ. ಪರಿಣತ ಕೆಲಸಗಾರರಿಗೆ ಕೊಡುವ ಟ್ಯಾಲೆಂಟ್ ವರ್ಗದಲ್ಲಿ ಬಂದವರ ಗಂಡ ಅಥವಾ ಹೆಂಡತಿಗೆ ಸಿಗುವ ಕುಟುಂಬ ಪರವಾನಗಿಯಲ್ಲಿ ದುಡಿಯುವ ಹಕ್ಕೂ ಇರುತ್ತದೆ. ಬಂದ ಮೂರು ತಿಂಗಳ ಒಳಗೆ ದೀರ್ಘಾವಧಿ ವೀಸಾವನ್ನು ಆನ್‌ಲೈನ್‌ನಲ್ಲಿ ಊರ್ಜಿತ ಮಾಡಿಸಬೇಕು. ಅದನ್ನು ಮುಂದೂಡಬೇಡಿ.

ಶಾಲೆಯ ವಿಷಯ ಸ್ವಲ್ಪ ಉದ್ದ ಹೇಳುತ್ತೇನೆ. 2019ರಿಂದ ಇಲ್ಲಿ ಮೂರು ವರ್ಷಕ್ಕೇ ಶಿಕ್ಷಣ ಕಡ್ಡಾಯ. ನಮ್ಮಂಥ ಹಳ್ಳಿಗಳಲ್ಲಿ ಮಕ್ಕಳು ಕಡಿಮೆ. ಹಾಗಾಗಿ ಕೆಲವು ಊರುಗಳು ಸೇರಿ ಒಂದೇ ಶಾಲೆ ನಡೆಸುತ್ತವೆ. ಚಿಕ್ಕವರ ತರಗತಿ ಒಂದು ಊರಿನಲ್ಲಿ, ದೊಡ್ಡವರದ್ದು ಇನ್ನೊಂದರಲ್ಲಿ. ನಡುವೆ ಬಸ್ಸು ಓಡುತ್ತದೆ. ನಮ್ಮ ಇಬ್ಬರು ಬೇರೆ ಬೇರೆ ಊರಿನ ಶಾಲೆಗೆ ಹೋಗುತ್ತಾರೆ, ಒಂದೇ ಬಸ್ಸಿನಲ್ಲಿ. ಒಂದೇ ಕೋಣೆಯಲ್ಲಿ ಎರಡು ಮೂರು ತರಗತಿ ಕೂರುವುದು ಸಾಮಾನ್ಯ. ನಮ್ಮೂರ ಹಳೆಯ ಸರ್ಕಾರಿ ಶಾಲೆಗಳಲ್ಲೂ ಹೀಗೇ ಇತ್ತಲ್ವಾ. ದೊಡ್ಡವರು ಚಿಕ್ಕವರಿಗೆ ಹೇಳಿಕೊಡುತ್ತಾರೆ. ನನ್ನ ಮಗಳು ಫ್ರೆಂಚ್ ಕಲಿತದ್ದು ಹೆಚ್ಚಾಗಿ ಹೀಗೆಯೇ.

ಊಟ: ಮಧ್ಯಾಹ್ನ ಒಂದೂವರೆಯಿಂದ ಎರಡು ತಾಸಿನಷ್ಟು ಬಿಡುವು. 2019ರ ನವೆಂಬರ್‌ನಿಂದ ಶಾಲೆಯ ಊಟದಲ್ಲಿ ವಾರಕ್ಕೆ ಒಂದು ಹೊತ್ತಾದರೂ ಮಾಂಸ, ಮೀನು ಇಲ್ಲದ ಅಡುಗೆ ಇರಲೇಬೇಕು ಅಂತ ಕಾನೂನು. ಉಳಿದ ದಿನ ಅಡುಗೆಯವರ ಮನಸ್ಸು. ನಮ್ಮ ಅಡುಗೆಯವರು ಮೊಟ್ಟೆ, ಬೇಳೆಕಾಳು ಸೇರಿಸಿಕೊಡುತ್ತಾರೆ. ಇದು ಎಲ್ಲ ಕಡೆ ಹೀಗೇ ಅಂತ ನಂಬಿಕೊಂಡು ಬರಬೇಡಿ. ಮನೆ ನೋಡಲು ಹೋದಾಗಲೇ ಶಾಲೆಗೂ ಹೋಗಿ ಕೇಳಿ.

ಮಡಕೆ ಮಾಡುವವರಿಗೆ ಒಳ್ಳೆಯ ಊರುಗಳಿವೆ. ಶೇರ್ ಜಿಲ್ಲೆಯ ಲಾ ಬೋರ್ನ್, ದ್ರೋಮ್‌ನ ದ್ಯೂಲ್‌ಫಿ, ಊಜೆಸ್ ಹತ್ತಿರದ ಸಾಂ-ಕಾಂತಾ-ಲಾ-ಪೊತ್ರಿ. ಲಾ ಬೋರ್ನ್‌ನ ಸೌದೆ ಒಲೆಯ ಕಲ್ಮಣ್ಣಿನ ಕೆಲಸ ನಿಮಗೆ ಹಿಡಿಸಬಹುದು. ನಾನಾಗಿದ್ದರೆ ಮೊದಲು ಅಲ್ಲಿಗೆ ಹೋಗಿ ನೋಡುತ್ತಿದ್ದೆ.

ಲಿಯೋನ್‌ಲೆಕ್ಕ

ಲಿಯೋನ್‌ನಲ್ಲಿ ಲೆಕ್ಕಪತ್ರದ ಕೆಲಸ ನನ್ನದು. ಕಸುಬುದಾರರು ಬಹಳ ಜನ ಬರುತ್ತಾರೆ, ಹಾಗಾಗಿ ಕೆಲವು ಮಾತು ಸೇರಿಸುತ್ತೇನೆ.

2009ರಿಂದ ಇರುವ ಸ್ವಂತ ಸಣ್ಣ ಉದ್ಯಮದ ವ್ಯವಸ್ಥೆ, ಈಗ ಮೈಕ್ರೋ-ಆಂತ್ರಪ್ರನರ್ ಅನ್ನುತ್ತಾರಲ್ಲ, ಶುರು ಮಾಡುವವರಿಗೆ ಅದೇ ಸುಲಭ. 2023ರಿಂದ ನೋಂದಣಿ ಒಂದೇ ಆನ್‌ಲೈನ್ ಕಿಟಕಿಯಲ್ಲಿ. ಮಾಡಿದ ವಸ್ತು ಮಾರಿದರೆ ಬಂದ ಹಣದ 12.3% ಸಾಮಾಜಿಕ ವಂತಿಗೆ, ಅಂದರೆ ಪಿಂಚಣಿ, ಆರೋಗ್ಯ ವಿಮೆಗೆಲ್ಲ ಹೋಗುವ ಹಣ. ಕಲಿಸುವುದು ಸೇವೆ, ಅದರ ದರ ಇದಕ್ಕಿಂತ ಜಾಸ್ತಿ. ಎರಡನ್ನೂ ಬೇರೆ ಬೇರೆ ಬರೆದಿಡಿ. ಏನೂ ಮಾರದ ತಿಂಗಳಲ್ಲೂ ಸೊನ್ನೆ ಅಂತ ಘೋಷಣೆ ಸಲ್ಲಿಸಲೇಬೇಕು. ಖರ್ಚು ಕಳೆಯಲು ಬರುವುದಿಲ್ಲ. ಹಾಗಾಗಿ ಮಣ್ಣು, ಗ್ಯಾಸ್, ಗೂಡು ಅಂತ ಖರ್ಚು ಜಾಸ್ತಿ ಇರುವ ಮಡಕೆಯವರು ಬೇರೆ ವ್ಯವಸ್ಥೆಯನ್ನೂ ಲೆಕ್ಕ ಹಾಕಿ ನೋಡಬೇಕು. ಕೌದಿಯಲ್ಲಿ ಖರ್ಚು ಕಡಿಮೆ, ಕೈಗಂಟೆ ಜಾಸ್ತಿ. ಅದಕ್ಕೆ ಈ ವ್ಯವಸ್ಥೆ ಚೆನ್ನಾಗಿ ಹೊಂದುತ್ತದೆ.

ಕೌದಿಮನೆಯವರು ಗಂಟೆ ಅಂದರಲ್ಲ, ಪಿಂಚಣಿಯೂ ಇಲ್ಲಿ ಗಂಟೆಯ ಮೇಲೇ ನಿಂತಿದೆ. ಪಿಂಚಣಿಗೆ ದುಡಿದ ತ್ರೈಮಾಸಿಕಗಳನ್ನು ಎಣಿಸುತ್ತಾರೆ. ಒಂದು ತ್ರೈಮಾಸಿಕ ಲೆಕ್ಕಕ್ಕೆ ಬರಬೇಕಾದರೆ ಕನಿಷ್ಠ ಕೂಲಿಯ 150 ಗಂಟೆಗೆ ಸಮನಾದ ಆದಾಯ ಬೇಕು. 2025ರಲ್ಲಿ ಕನಿಷ್ಠ ಕೂಲಿ ಗಂಟೆಗೆ 11.88 ಯೂರೋ ಇತ್ತು. ಅಂದರೆ 1,782 ಯೂರೋ ಆದಾಯ. ವಸ್ತು ಮಾರುವವರಿಗೆ ಮಾರಾಟದ 29% ಮಾತ್ರ ಆದಾಯ ಅಂತ ಹಿಡಿಯುತ್ತಾರೆ. ಹಾಗಾಗಿ ಆ ವರ್ಷ ಒಂದು ತ್ರೈಮಾಸಿಕಕ್ಕೆ 6,100 ಯೂರೋ ಮೇಲೆ ಮಾರಿರಬೇಕಿತ್ತು. ಗಂಡನ ಸಂಬಳ ಇದೆಯಲ್ಲ ಅಂತ ಹೆಂಗಸರು ಈ ಲೆಕ್ಕವನ್ನು ನೋಡುವುದೇ ಇಲ್ಲ. ದಯವಿಟ್ಟು ನೋಡಿ. ಅರವತ್ತೈದಾದಾಗ ಆ ಖಾನೆ ಖಾಲಿ ಇದ್ದರೆ ಯಾರೂ ತುಂಬಿಕೊಡುವುದಿಲ್ಲ.

ಇನ್ನೊಂದು ವಿಷಯ. ಕಲಾವಿದರ ನಕ್ಷೆ ಹಿಡಿದು ಪೂರ್ತಿ ಕೈಯಲ್ಲಿ ನೇಯ್ದ, ಎಂಟು ಪ್ರತಿ ಮೀರದ ಚಿತ್ರಗಂಬಳಿಯನ್ನು ತೆರಿಗೆ ಕಾನೂನು ಕಲಾಕೃತಿ ಅನ್ನುತ್ತದೆ. ಕೌದಿಗೆ ಆ ಜಾಗ ಇಲ್ಲ, ಅದು ಸರಕು. ನನಗೇನೋ ಇದು ಸರಿ ಅನ್ನಿಸುವುದಿಲ್ಲ.

ತುಂಗಾತೀರ

ಎಲ್ಲರೂ ಹೊರಡುವ ಮೊದಲು ನನ್ನ ಮಾತನ್ನೂ ಕೇಳಿ. ನಾವು ದೋರ್ದೋನ್ಯ್ ಜಿಲ್ಲೆಯ ಹಳ್ಳಿಯಲ್ಲಿದ್ದೆವು. ಈಗ ಬೋರ್ದೋ ನಗರಕ್ಕೆ ವಾಪಸ್ ಬಂದಿದ್ದೇವೆ.

ಊರು ಚೆನ್ನಾಗಿತ್ತು. ಜನವೂ ಒಳ್ಳೆಯವರು. ಆದರೆ ಕಾರಿಲ್ಲದೆ ಹಾಲೂ ಸಿಗುವುದಿಲ್ಲ. ಭಾರತದ ಲೈಸೆನ್ಸ್ ಇಲ್ಲಿ ನೆಲೆಸಿದ ಮೊದಲ ವರ್ಷ ಮಾತ್ರ ನಡೆಯುತ್ತದೆ. ಆಮೇಲೆ ಇಲ್ಲಿನ ಪರೀಕ್ಷೆ, ಅದೂ ಫ್ರೆಂಚ್‌ನಲ್ಲಿ, ಮೊದಲಿನಿಂದ ಬರೆಯಬೇಕಾಯಿತು. ಪಾಸಾಗುವ ತನಕ ನಾನು ಮನೆಯಲ್ಲೇ. ಹತ್ತಿರದ ವೈದ್ಯರು ಹೊಸ ರೋಗಿಗಳನ್ನು ತೆಗೆದುಕೊಳ್ಳುತ್ತಿರಲಿಲ್ಲ. ಮನೆ ಕೊಂಡಾಗ ಮಲಗುಂಡಿ ನಿಯಮಕ್ಕೆ ತಕ್ಕ ಹಾಗಿರಲಿಲ್ಲ. ಕೊಂಡವರು ಒಂದು ವರ್ಷದ ಒಳಗೆ ಸರಿಪಡಿಸಬೇಕು ಅಂತ ನಿಯಮ. ಕೂಡಿಟ್ಟ ದುಡ್ಡು ಅಲ್ಲಿಗೇ ಹೋಯಿತು. ನವೆಂಬರ್ ಬಂದರೆ ಸಂಜೆ ಐದೂವರೆಗೆ ಕತ್ತಲು. ಕನ್ನಡ ಮಾತಾಡಲು ಫೋನ್ ಒಂದೇ. ನಾನು ಬಣ್ಣ ಹಾಕಿ ಬಟ್ಟೆ ಅದ್ದುವ ಕೆಲಸ ಮಾಡುತ್ತಿದ್ದೆ. ಒಬ್ಬಳೇ ಕೂತು ಮಾಡುವ ಕಸುಬು ಒಬ್ಬಂಟಿತನವನ್ನು ಇನ್ನಷ್ಟು ಬೆಳೆಸುತ್ತದೆ. ಇದನ್ನು ಯಾರೂ ಹೇಳುವುದಿಲ್ಲ.

ಕೌದಿಮನೆ

ತುಂಗಾತೀರ ಅವರ ಮಾತು ನೂರಕ್ಕೆ ನೂರು ನಿಜ. ಇದನ್ನು ಓದದೆ ಯಾರೂ ಮನೆ ನೋಡಲು ಹೋಗಬಾರದು. ಕೊಳ್ಳುವ ಮುಂಚೆ ಒಂದು ಚಳಿಗಾಲ ಬಾಡಿಗೆಗೆ ಇದ್ದು ನೋಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಬೇಸಿಗೆಯಲ್ಲಿ ಕ್ರೂಜ್ ಯಾರಿಗಾದರೂ ಇಷ್ಟವಾಗುತ್ತದೆ. ಸೌದೆಯನ್ನು ಒಂದೆರಡು ವರ್ಷ ಮೊದಲೇ ಕಡಿದು ಒಣಗಿಸಿರಬೇಕು. ಹಸಿ ಸೌದೆ ಹಾಕಿದರೆ ಹೊಗೆಯೇ ಹೊರತು ಶಾಖ ಇಲ್ಲ.

ಒಬ್ಬಂಟಿತನದ ಬಗ್ಗೆ ಮಾತ್ರ ನನ್ನ ಅನುಭವ ಬೇರೆ. ಕೌದಿ ಒಬ್ಬರೇ ಕೂತು ಹೊಲಿಯುವ ವಸ್ತುವಲ್ಲ. ನಮ್ಮ ಕಡೆ ಪಡಸಾಲೆಯಲ್ಲಿ ಹಾಸಿ, ನಾಲ್ಕು ಜನ ನಾಲ್ಕು ಕಡೆ ಕೂತು ಒಳಮುಖವಾಗಿ ಹೊಲಿಯುತ್ತಾ ಬರುತ್ತಾರೆ. ಇಲ್ಲೂ ಹಾಗೇ ಮಾಡಿದೆ. ಶನಿವಾರದ ಹೊಲಿಗೆ ಶುರುವಾದದ್ದೇ ಹಾಗೆ, ಪಕ್ಕದ ಮನೆಯವರನ್ನು ಕರೆದು. ಈಗ ಊರ ಪುರಭವನದ ಕೋಣೆಯಲ್ಲಿ ಸೇರುತ್ತೇವೆ. ಫ್ರೆಂಚರು ಇದ್ದಾರೆ, ಇಲ್ಲಿ ನೆಲೆಸಿದ ಇಂಗ್ಲಿಷರು, ಡಚ್ಚರು ಇದ್ದಾರೆ. ಬಣ್ಣದ ತೊಟ್ಟಿಯ ಮುಂದೆ ಇದು ಆಗುವುದು ಕಷ್ಟ ಅಂತ ನನಗೂ ಗೊತ್ತು. ಆದರೆ ಕಸುಬಿನ ಯಾವುದಾದರೂ ಒಂದು ಹಂತವನ್ನು ನಾಲ್ಕು ಜನರ ನಡುವೆ ಇಡಬಹುದಾ ಅಂತ ಯೋಚಿಸಿ.

ಇಲ್ಲಿನ ಹಿರಿಯರು ಹೇಳಿದ್ದೊಂದು ನನಗೆ ತುಂಬಾ ತಟ್ಟಿತು. 19ನೇ ಶತಮಾನದಲ್ಲಿ ಕ್ರೂಜ್‌ನ ಗಂಡಸರು ಗಾರೆ ಕೆಲಸಕ್ಕೆ ಪ್ಯಾರಿಸ್, ಲಿಯೋನ್ ಕಡೆಗೆ ಹೋಗುತ್ತಿದ್ದರು. ವಸಂತದಲ್ಲಿ ಹೊರಟರೆ ಚಳಿಗಾಲದಲ್ಲಿ ವಾಪಸ್. ಮೊದಮೊದಲು ನಡೆದುಕೊಂಡೇ ಹೋಗುತ್ತಿದ್ದರು. ಅವರಲ್ಲೊಬ್ಬರು ಮಾರ್ತಾಂ ನಾದೋ. 1815ರಲ್ಲಿ ಇಲ್ಲೇ ಹುಟ್ಟಿ, ಗಾರೆಯವರಾಗಿ ದುಡಿದು, ಸಂಸತ್ತಿಗೂ ಹೋದವರು. ಅವರ ಹೆಸರಿನ ಬೀದಿಗಳಿವೆ. ಆದರೆ ಆ ತಿಂಗಳುಗಳಲ್ಲೆಲ್ಲ ಹೊಲ, ದನ, ಮಕ್ಕಳು, ಮುದುಕರು, ಸೆಣಬಿನ ನೂಲು ಎಲ್ಲವನ್ನೂ ನೋಡಿಕೊಂಡವರು ಹೆಂಗಸರು. ಅವರ ಗಂಟೆಗಳನ್ನು ಬರೆದಿಟ್ಟವರಿಲ್ಲ. ನಾನು ಕತ್ತರಿಸುವ ಬಟ್ಟೆ ಅವರ ಮಕ್ಕಳು, ಮೊಮ್ಮಕ್ಕಳದ್ದು. ಅದನ್ನು ಅಗ್ಗಕ್ಕೆ ಮಾರಲು ನನಗೆ ಮನಸ್ಸೇ ಬರುವುದಿಲ್ಲ.

ಹಾಗಾಗಿ ಬೆಲೆ ಹೀಗೆ ಹಾಕುತ್ತೇನೆ. ಒಂಟಿ ಹಾಸಿಗೆಯ ಕೌದಿಗೆ 60 ಗಂಟೆ ಅಂತ ಇಟ್ಟುಕೊಳ್ಳಿ. ಗಂಟೆಗೆ ಕನಿಷ್ಠ ಕೂಲಿಯೇ ಹಿಡಿದರೂ 700 ಯೂರೋ ದಾಟುತ್ತದೆ. ಅದರ ಕೆಳಗೆ ಇಳಿಯುವುದಿಲ್ಲ. ಇಷ್ಟು ಕೊಡಲು ಆಗದವರಿಗೆ ಚಿಕ್ಕದು ಮಾಡಿಕೊಡುತ್ತೇನೆ, ದಿಂಬಿನ ಗವಸು, ತೊಟ್ಟಿಲ ಕೌದಿ. ಗಂಟೆಯ ಬೆಲೆ ಮಾತ್ರ ಇಳಿಸುವುದಿಲ್ಲ.

ಮನೆಯೊಳಗೂ ಇದೇ ಲೆಕ್ಕ ಬಂದಿದೆ. ಇಲ್ಲಿ ನಮ್ಮ ಶಾಲೆಗೆ ಬುಧವಾರ ರಜೆ. ಮೊದಲು ಆ ದಿನ ನನ್ನ ಸೂಜಿ ನಿಲ್ಲುತ್ತಿತ್ತು, ಪತಿಯ ಆಫೀಸ್ ನಡೆಯುತ್ತಿತ್ತು. ನನ್ನ ಗಂಟೆಗೂ ಬೆಲೆ ಇದೆ ಅಂತ ಕಾಗದದ ಮೇಲೆ ಬಂದ ನಂತರ ಮಾತಾಡಿದೆವು. ಈಗ ಅವರು ವಾರಕ್ಕೆ ನಾಲ್ಕು ದಿನ ಮಾತ್ರ ಆಫೀಸ್ ಕೆಲಸ ಮಾಡುತ್ತಾರೆ. ಸಂಬಳವೂ ಅಷ್ಟು ಕಡಿಮೆ. ಬುಧವಾರ ಅಡುಗೆ, ಮಕ್ಕಳು, ಬಟ್ಟೆ ಎಲ್ಲ ಅವರದ್ದು. ನಾನು ಬೆಳಗ್ಗೆಯಿಂದ ಸಂಜೆವರೆಗೆ ಹೊಲಿಯುತ್ತೇನೆ. ಹಳ್ಳಿಗೆ ಬಂದು ನಮಗಾದ ದೊಡ್ಡ ಬದಲಾವಣೆ ಇದೇ. ಹಸಿರು, ಗಾಳಿ ಎಲ್ಲ ಆಮೇಲೆ.

ಮೆಂತ್ಯಹೊಲಿಗೆ

ಸಣ್ಣ ಪ್ರಶ್ನೆ. ನಡುವೆ ಉಣ್ಣೆ ತುಂಬುತ್ತೀರಾ? ಚಳಿಗೆ ಬರೀ ಬಟ್ಟೆ ಸಾಕಾ? ಮತ್ತೆ ಉಳಿದ ತುಂಡಿನಲ್ಲಿ ಗೊಂಬೆ ಮಾಡಿ ಮಾರಬಹುದಲ್ಲ?

ಕೌದಿಮನೆ

ಬಟ್ಟೆಯ ಪದರವೇ ನನ್ನದು. ನಾಲ್ಕೈದು ಪದರ ಇದ್ದರೆ ಸಾಕಷ್ಟು ಬೆಚ್ಚಗಿರುತ್ತದೆ. ಕೇಳಿದವರಿಗೆ ಮಾತ್ರ ಇಲ್ಲಿನ ಕುರಿಯ ಉಣ್ಣೆ ತುಂಬುತ್ತೇನೆ. ಪಕ್ಕದ ಫೆಲ್ತಾಂ ಊರಿನಲ್ಲಿ ಇಂದಿಗೂ ಉಣ್ಣೆ ನೂಲುವ ಗಿರಣಿ ಇದೆ, ಚಿತ್ರಗಂಬಳಿಯವರಿಗೆ ನೂಲು ಕೊಡುತ್ತದೆ. ಚಳ್ಳಕೆರೆ ಕಡೆಯ ಕರಿ ಕಂಬಳಿಯ ಉಣ್ಣೆಗೆ ಹೋಲಿಸಿದರೆ ಇಲ್ಲಿನದು ಮೆದು. ಆದರೆ ಕರಿ ಕಂಬಳಿ ಮಳೆಗೆ ತಡೆದಷ್ಟು ಇದು ತಡೆಯುವುದಿಲ್ಲ.

ಗೊಂಬೆ ಮಾರಬೇಡಿ. ಯುರೋಪಿನಲ್ಲಿ 14 ವರ್ಷದ ಒಳಗಿನ ಮಕ್ಕಳ ಆಟಿಕೆ ಅಂದರೆ ಸುರಕ್ಷತೆಯ ಸಿಇ ಗುರುತು ಬೇಕು. ಪರೀಕ್ಷೆ, ದಾಖಲೆ ಎಲ್ಲ ಬೇಕು. ಮಗಳು ಮಾಡಿದ ಗೊಂಬೆಗಳು ನಮ್ಮ ಮನೆಯ ಕಿಟಕಿಯಲ್ಲೇ ಇರುತ್ತವೆ.

ಹುಬ್ಬಳ್ಳಿಹಾದಿ

ಕೌದಿಮನೆ ಅವರೇ, ಖಾರವಾಗಿ ಕೇಳುತ್ತಿದ್ದೇನೆ, ತಪ್ಪು ತಿಳಿಯಬೇಡಿ. ನಮ್ಮಮ್ಮ ಧಾರವಾಡ ಜಿಲ್ಲೆಯ ಹಳ್ಳಿಯಲ್ಲಿ ಕೌದಿ ಹೊಲಿದು ಕೊಡುತ್ತಾರೆ. ಒಂದಕ್ಕೆ ಇಷ್ಟು ಅಂತ. ಎಷ್ಟು ಗಂಟೆ ಅಂತ ಅವರನ್ನು ಒಬ್ಬರೂ ಕೇಳಿಲ್ಲ. ಅದೇ ಹೊಲಿಗೆ, ಅದೇ ಸೀರೆ. ಫ್ರಾನ್ಸಿನಲ್ಲಿ 700 ಯೂರೋ, ಇಲ್ಲಿ ಚೌಕಾಸಿ. ನಿಮ್ಮ ಬೆಲೆಯಿಂದ ನಮ್ಮಮ್ಮನಿಗೆ ಏನು? ನಾಳೆ ಇಲ್ಲಿಂದ ಅಗ್ಗಕ್ಕೆ ತರಿಸಿ ಅಲ್ಲಿ ಮಾರುವುದಿಲ್ಲ ಅಂತ ಏನು ಖಾತ್ರಿ? ಅಂಥವರು ಇದ್ದಾರೆ.

ಕೌದಿಮನೆ

ಕೇಳಲೇಬೇಕಾದ ಪ್ರಶ್ನೆ. ತರಿಸುವುದಿಲ್ಲ. ನನ್ನ ಕೈಯಲ್ಲಿ ಆದದ್ದನ್ನು ಮಾತ್ರ ಮಾರುತ್ತೇನೆ. ಇನ್ನೊಂದು ಗೆರೆಯನ್ನೂ ಹಾಕಿಕೊಂಡಿದ್ದೇನೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರು ಕೌದಿಯ ಮೂಲೆಗೆ ಮಡಿಚಿದ ಬಣ್ಣದ ಬಟ್ಟೆಯ ಫುಲಾ ಇಡುತ್ತಾರೆ. ಅದಿಲ್ಲದ ಕೌದಿ ಅವರಿಗೆ ಪೂರ್ತಿಯಾದದ್ದಲ್ಲ. ಇಲ್ಲಿ ಕೆಲವರು ಚಿತ್ರ ನೋಡಿ ಅದೇ ಬೇಕು ಅಂತ ಕೇಳುತ್ತಾರೆ. ನಾನು ಮಾಡುವುದಿಲ್ಲ. ಅದು ಸಿದ್ದಿಯರದ್ದು, ಅವರಿಂದಲೇ ಕೊಳ್ಳಿ ಅಂತ ಹೇಳುತ್ತೇನೆ.

ನಿಮ್ಮ ಅಮ್ಮನ ವಿಷಯ. ಫ್ರಾನ್ಸಿನ ಬೆಲೆ ಅಲ್ಲಿ ಸಿಗುವುದಿಲ್ಲ, ಅದು ನನಗೂ ಗೊತ್ತು. ಆದರೆ ಒಂದನ್ನು ಗಮನಿಸಿ. ಗಿರಾಕಿಯೇ ತನ್ನ ಹಳೆಯ ಸೀರೆ ತಂದುಕೊಟ್ಟಾಗ ಅಮ್ಮ ಮಾರುವುದು ಬಟ್ಟೆಯನ್ನಲ್ಲ. ಬಟ್ಟೆ ಗಿರಾಕಿಯದ್ದೇ. ಮಾರುವುದು ಬರೀ ಹೊತ್ತು. "ಹಳೆ ಬಟ್ಟೆಗೆ ಇಷ್ಟೊಂದಾ" ಅನ್ನುವ ಮಾತಿಗೆ ಅಲ್ಲಿ ಜಾಗವೇ ಇಲ್ಲ. ಅದಕ್ಕೇ ನಾನೂ ಆದಷ್ಟು ಅಂಥ ಕೆಲಸವನ್ನೇ ಒಪ್ಪಿಕೊಳ್ಳುತ್ತೇನೆ. ಅಜ್ಜಿಯ ಹಾಸಿಗೆ ಬಟ್ಟೆ ತರುವವರು ಚೌಕಾಸಿ ಮಾಡುವುದಿಲ್ಲ, ಅವರಿಗೆ ಅದೇ ಬಟ್ಟೆ ಬೇಕು. ಬೆಂಗಳೂರಿನಲ್ಲಿ ತೀರಿಹೋದ ಅಮ್ಮನ ಸೀರೆ ಇಟ್ಟುಕೊಂಡು ಏನು ಮಾಡಲಿ ಅನ್ನುವವರು ಎಷ್ಟು ಜನ ಇಲ್ಲ? ಅವರನ್ನು ಹುಡುಕಿ. ಕೌದಿಗೆ ಒಂದು ಚೀಟಿ ಹೊಲಿದು, ಹೊಲಿದವರ ಹೆಸರು, ಊರು, ಹಿಡಿದ ಗಂಟೆ ಬರೆಯಿರಿ. ಮೂರೂ ಬೇಕು.

ಲಿಯೋನ್‌ಲೆಕ್ಕ

ಒಂದು ಸೇರಿಸಲಾ? ಊಹೆಯ ಗಂಟೆ ಬರೆಯಬೇಡಿ. ಒಂದು ಕೌದಿಗಾದರೂ ದಿನದಿನ ಕೂತ ಹೊತ್ತು, ಎದ್ದ ಹೊತ್ತು ಬರೆದಿಟ್ಟು ನೋಡಿ. ನನ್ನ ಗಿರಾಕಿಗಳಲ್ಲಿ ಹೀಗೆ ಬರೆದ ಪ್ರತಿಯೊಬ್ಬರೂ ಅಂದುಕೊಂಡದ್ದಕ್ಕಿಂತ ಜಾಸ್ತಿ ಗಂಟೆ ಕಂಡಿದ್ದಾರೆ.

ಬಿಳಿಜೋಳ

ನಾನು ಇವತ್ತಿನಿಂದಲೇ ಮಡಕೆಗೆ ಬರೆಯಲು ಶುರು ಮಾಡುತ್ತೇನೆ. ಊರು ಯಾವುದಾದರೂ ಆಗಲಿ. ಲಾ ಬೋರ್ನ್‌ಗೆ ಹೋಗುವುದು ಯಾವ ತಿಂಗಳು ಒಳ್ಳೆಯದು?

ಕೌದಿಮನೆ

ವಸಂತದಲ್ಲಿ ಯುರೋಪಿನ ಕಸುಬುಗಳ ದಿನಗಳು ಅಂತ ಪ್ರತಿವರ್ಷ ನಡೆಯುತ್ತವೆ, 2002ರಿಂದ. ಫ್ರಾನ್ಸಿನಾದ್ಯಂತ ಕೆಲಸದ ಮನೆಗಳು ಬಾಗಿಲು ತೆರೆದಿರುತ್ತವೆ. ಆಗ ಬನ್ನಿ, ನಿಜವಾದ ಮಾತುಕತೆ ಆಗುತ್ತದೆ. ಆದರೆ ಜನವರಿಯಲ್ಲೂ ಒಮ್ಮೆ ಬನ್ನಿ, ತುಂಗಾತೀರ ಅವರು ಹೇಳಿದ ಕತ್ತಲು ನೋಡಲು.

ಹುಬ್ಬಳ್ಳಿಹಾದಿ

ಅಮ್ಮನಿಗೆ ಎಲ್ಲ ಓದಿ ಹೇಳಿದೆ. ಅವರದ್ದೊಂದು ಪ್ರಶ್ನೆ ಇದೆ. ಹೊಲಿಯುವ ಹೊತ್ತು ಸರಿ. ಸೀರೆ ಒಗೆದು ಒಣಗಿಸಿ, ಅಂಚು ಬಿಚ್ಚಿ, ಬಣ್ಣ ಹೊಂದಿಸಿ ಹಾಸಿಕೊಳ್ಳುವುದನ್ನೂ ಬರೆಯಬೇಕಾ?

ಕೌದಿಮನೆ

ಬರೆಯಬೇಕು. ಸೂಜಿಗೆ ದಾರ ಪೋಣಿಸುವುದನ್ನೂ.